ಕಿರುಬೆರಳೆತ್ತಿದ ಮಕ್ಕಳು

"ಗುರುಗಳೇ, ಕೇಳುವ ಕಿವಿ ಇಲ್ಲದ ಕಡೆ ಪಾಠ ಹೇಳಿದರೆ ಅದು ವ್ಯರ್ಥವಲ್ಲವೇ?" ಎಂದು ರೇವಣ ಕೇಳಿದ.

ರೇವಣ ಮಠದ ಶಿಷ್ಯರಲ್ಲಿ ಚೆನ್ನಾಗಿ ಓದಿಕೊಂಡವನು. ಸುತ್ತಲಿನ ಹಳ್ಳಿಗಳ ಶಾಲೆಯ ಮಕ್ಕಳನ್ನು ವಾರಕ್ಕೊಮ್ಮೆ ಹೊರಗೆ ಕರೆದುಕೊಂಡು ಹೋಗಿ, ಅವರವರ ಊರಿನ ಕೆರೆ, ಕಲ್ಲು, ಮಣ್ಣು, ಹುಲ್ಲುಗಳನ್ನು ತೋರಿಸಿಕೊಂಡು ಬರುವ ಕೆಲಸವನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು. ಮಕ್ಕಳಿಂದ ಏನೂ ತೆಗೆದುಕೊಳ್ಳುವಂತಿರಲಿಲ್ಲ. ಆ ದಿನ ಅವನು ಕೆರೆಯ ಏರಿಯ ಮೇಲೆ ನಿಂತು ಹೂಳಿನ ಗುಣವನ್ನು ಗಂಟಲು ಹರಿಯುವ ಹಾಗೆ ವಿವರಿಸಿದ್ದ. ಹಿಂತಿರುಗುವಾಗ "ಇವತ್ತು ಏನು ಕಲಿತಿರಿ?" ಎಂದು ಕೇಳಿದ್ದಕ್ಕೆ ಒಬ್ಬ ಹುಡುಗ, "ಏಡಿ ಅಡ್ಡಡ್ಡಕ್ಕೆ ಓಡ್ತೈತೆ ಸಾ" ಎಂದಿದ್ದ. ಉಳಿದವರು ಅಷ್ಟೂ ಬಾಯಿ ಬಿಟ್ಟಿರಲಿಲ್ಲ. ಅವರ ಬಾಯಿತುಂಬ ಹುಣಸೆಕಾಯಿ ಇತ್ತು. ರೇವಣನಿಗೆ ಅಳು ಬರುವುದೊಂದು ಬಾಕಿ. ಮುಂದಿನ ವಾರದಿಂದ ಈ ತಿರುಗಾಟವನ್ನು ನಿಲ್ಲಿಸಿಬಿಡುತ್ತೇನೆ ಎಂದು ಹೇಳುವುದಕ್ಕೇ ಅವನು ಬಂದು ಕೂತಿದ್ದ.

ಗುರುಗಳು ನಕ್ಕರು. "ನಿಲ್ಲಿಸುವುದಾದರೆ ನಿಲ್ಲಿಸು, ಯಾರು ಬೇಡ ಎಂದರು? ಒಂದು ಕತೆ ಕೇಳಿಯೇ ನಿಲ್ಲಿಸು" ಎಂದರು. ಆಮೇಲೆ ಹೇಳತೊಡಗಿದರು.

ಒಂದು ಊರಿತ್ತು. ಊರಿನ ಬೆನ್ನಿಗೆ ಒಂದು ಕಲ್ಲುಗುಡ್ಡ, ಗುಡ್ಡದ ಬುಡದಲ್ಲಿ ಒಂದು ಮೆಟ್ಟಿಲ ಬಾವಿ. ಬಾವಿಯ ಕಲ್ಲುಗೋಡೆಯ ಒಂದು ಸಂದಿಯಿಂದ ನೀರು ಬಂದು ಬೀಳುತ್ತಿತ್ತು. ಎಂಥ ಬಿರುಬೇಸಗೆಯಲ್ಲೂ ಅದು ನಿಂತದ್ದಿಲ್ಲ. ಆ ನೀರು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳಿರಲಿಲ್ಲ. ದೇವರು ಕೊಟ್ಟ ನೀರು ಎಂದು ಕೈ ಮುಗಿದು ಕೊಡ ತುಂಬಿಕೊಳ್ಳುತ್ತಿದ್ದರು. ಗುಡ್ಡದ ಕಡೆಗಂತೂ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಈ ಊರಿನವರಿಗೆ ಹತ್ತಿರದ ಬೆಟ್ಟವೂ ನುಣ್ಣಗೇ ಕಾಣುತ್ತಿತ್ತು.

ಆ ಊರಿಗೆ ಒಬ್ಬ ಮೇಷ್ಟ್ರು ಬಂದರು. ಶಾಲೆಗೆ ಕಟ್ಟಡವಿರಲಿಲ್ಲ. ಚಾವಡಿಯ ಜಗಲಿಯೇ ಶಾಲೆ. ಊರಿನಲ್ಲಿ ಜಗಳವಾದ ದಿನ ಪಂಚಾಯಿತಿ ಅಲ್ಲೇ ಸೇರುತ್ತಿದ್ದುದರಿಂದ ಮಕ್ಕಳಿಗೆ ರಜ. ಜಗಳಕ್ಕೆ ಆ ಊರಿನಲ್ಲಿ ಬರವಿರಲಿಲ್ಲ. ನಾಲ್ಕು ಗೋಡೆ, ಮೇಲೊಂದು ಸೂರು ಇರುವ ಶಾಲೆ ಆಗಬೇಕು ಎಂಬುದೊಂದೇ ಮೇಷ್ಟರ ಆಸೆ. ಅದು ಆಗುವ ತನಕ ಕೈಕಟ್ಟಿ ಕೂರುವುದೇಕೆ ಎಂದು ಅವರು ಶನಿವಾರ ಶನಿವಾರ ಮಕ್ಕಳನ್ನು ಗುಡ್ಡಕ್ಕೆ ಕರೆದುಕೊಂಡು ಹೊರಟರು. ನಮ್ಮ ಊರಿನ ಗುಡ್ಡದಲ್ಲಿ ಏನೇನಿದೆ ಎಂದು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಎಂದರು. ಯಾರೂ ಏನೂ ಕೊಡಬೇಕಾಗಿಲ್ಲ ಎಂದೂ ಸಾರಿದರು.

ಬಿಟ್ಟಿ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎನ್ನುವುದು ಲೋಕದ ಗುಣ. ಮೊದಲ ಶನಿವಾರ ತಾಯಂದಿರು ಶಾಲೆಗೆ ಹೋಗುವ ಮಕ್ಕಳನ್ನೂ ಕಳಿಸಿದರು, ಹೋಗದವರನ್ನೂ ಕಳಿಸಿದರು. ಒಬ್ಬಾಕೆ ಆಗಷ್ಟೇ ಅಂಬೆಗಾಲಿಡುತ್ತಿದ್ದ ಕೂಸನ್ನು ಅಕ್ಕನ ಸೊಂಟಕ್ಕೆ ಏರಿಸಿ ಕಳಿಸಿದಳು. ಮಕ್ಕಳು ಹೋದ ಮೇಲೆ ಊರಿಗೆ ಊರೇ ಕಾಲು ಚಾಚಿ ಮಲಗಿತು.

ಗುಡ್ಡದ ನೆತ್ತಿಯಲ್ಲಿ ಒಂದು ಹಾಸುಬಂಡೆ. ಅದರ ಹಿಂದೆ ಆನೆಗಾತ್ರದ ಎರಡು ಗುಂಡುಗಲ್ಲುಗಳು ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ಮೇಷ್ಟ್ರು ಆ ಗುಂಡುಗಳಿಗೆ ಬೆನ್ನು ಮಾಡಿ, ಮಕ್ಕಳನ್ನು ಎದುರಿಗೆ ಕೂರಿಸಿ ಪಾಠ ಶುರು ಮಾಡಿದರು. ಇದು ಬಳಪದ ಕಲ್ಲು, ಇದನ್ನು ಕೊರೆದರೆ ನಿಮ್ಮ ಸ್ಲೇಟಿಗೆ ಬಳಪ. ಇದು ಕೆಮ್ಮಣ್ಣು, ನಿಮ್ಮ ಮನೆಯ ಗೋಡೆಗೆ ಬಳಿಯುವುದು. ಇದು ಅಂಟುವಾಳ, ಇದು ಸೀಗೆ, ಇದು ಪೊರಕೆಯ ಹುಲ್ಲು, ಇದು ಹಳದಿ ಹೂ ಬಿಡುವ ತಂಗಡಿ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ರಾಗವಾಗಿ ಹೇಳುತ್ತಿದ್ದರು. ಅವರಿಗೆ ಅದರಲ್ಲಿ ನಿಜವಾಗಿಯೂ ಖುಷಿಯಿತ್ತು.

ಮಕ್ಕಳಿಗೂ ಖುಷಿಯಿತ್ತು. ಆದರೆ ಬೇರೆಯದರಲ್ಲಿ.

ಶಾಲೆಯಲ್ಲಿ ಒಂದಕ್ಕೆ ಹೋಗಬೇಕಾದರೆ ಕಿರುಬೆರಳು ಎತ್ತಿ ತೋರಿಸುವುದು ವಾಡಿಕೆಯಷ್ಟೆ. ಮೇಷ್ಟ್ರು ಕೆಮ್ಮಣ್ಣಿಗೆ ಬರುವ ಹೊತ್ತಿಗೆ ಒಂದು ಕಿರುಬೆರಳು ಎದ್ದಿತು. ಒಂದು ಗಳಿಗೆ ಕಣ್ಣು ತೆರೆದು, ಹೋಗಿ ಬಾ ಎಂದು ಮತ್ತೆ ಮುಚ್ಚಿಕೊಂಡರು. ಅಂಟುವಾಳಕ್ಕೆ ಬರುವ ಹೊತ್ತಿಗೆ ಇನ್ನೊಂದು. ತಂಗಡಿಗೆ ಬಂದಾಗ ಎರಡು ಒಟ್ಟಿಗೇ. ಹೋದವರು ಗುಂಡುಗಳ ಹಿಂದೆ ಮರೆಯಾಗಿ, ಸ್ವಲ್ಪ ಹೊತ್ತಾದ ಮೇಲೆ ಬಾಯಿ ಒರೆಸಿಕೊಂಡು ಬರುತ್ತಿದ್ದರು. ಒಂದಕ್ಕೆ ಹೋದವರು ಬಾಯಿ ಯಾಕೆ ಒರೆಸಿಕೊಳ್ಳುತ್ತಾರೆ ಎಂದು ಮೇಷ್ಟರಿಗೆ ಹೊಳೆಯಲಿಲ್ಲ. ಕಣ್ಣು ಮುಚ್ಚಿದ್ದವರಿಗೆ ಹೊಳೆಯುವುದಾದರೂ ಹೇಗೆ?

ಅದು ಪ್ರತಿ ಶನಿವಾರದ ಮಾತಾಯಿತು. ಮೇಷ್ಟರಿಗೆ ಯೋಚನೆಗಿಟ್ಟುಕೊಂಡಿತು. ಈ ಊರಿನ ಮಕ್ಕಳಿಗೆ ಏನೋ ಕಾಯಿಲೆಯಿರಬೇಕು, ಗಳಿಗೆ ಗಳಿಗೆಗೂ ಒಂದಕ್ಕೆ ಹೋಗುತ್ತಾರಲ್ಲ ಎಂದು ತಾಯಂದಿರನ್ನು ಕರೆದು ಹೇಳಿದರು. ತಾಯಂದಿರು ಗಾಬರಿಯಾಗಿ ನಾಟಿ ವೈದ್ಯನ ಬಳಿಗೆ ಓಡಿದರು. ಅವನು ಬೇವಿನ ಚೆಕ್ಕೆ ಕೊಟ್ಟು, ಕಷಾಯ ಕುದಿಸಿ ಕುಡಿಸಿ ಎಂದ. ಊರಿನ ಅಷ್ಟೂ ಮಕ್ಕಳು ಮುಖ ಕಿವುಚಿಕೊಂಡು ಅದನ್ನು ಕುಡಿದರು. ಒಬ್ಬರಾದರೂ ಗುಟ್ಟು ಬಿಡಲಿಲ್ಲ. ಶನಿವಾರ ಬಂತು, ಕಿರುಬೆರಳುಗಳು ಎದ್ದವು.

ಗುಟ್ಟು ಇಷ್ಟೇ. ಆ ಎರಡು ಗುಂಡುಗಳ ನಡುವೆ ಒಂದು ಸಂದಿ. ದೊಡ್ಡವರ ಮೈ ತೂರದು, ಮಕ್ಕಳದು ತೂರುತ್ತದೆ. ಒಳಗೆ ತಣ್ಣನೆಯ ಒಂದು ಸೆಲೆ, ಕಲ್ಲಿನ ಬಟ್ಟಲಿನಲ್ಲಿ ಎಂದೂ ಬತ್ತದ ನೀರು.

ಆ ದಾರಿಯಲ್ಲಿ ಒಬ್ಬ ವ್ಯಾಪಾರಿ ಗಾಡಿ ಹೊಡೆದುಕೊಂಡು ಓಡಾಡುತ್ತಿದ್ದ. ನೂಲಿಗೆ ಬಣ್ಣ ಹಾಕಿಸಿ ಮಾರುವುದು ಅವನ ಕಸುಬು. ಬಣ್ಣದ ಕಸುಬಿಗೆ ವರ್ಷವಿಡೀ ಸಿಹಿನೀರು ಬೇಕು. ಒಂದು ಬೇಸಗೆಯಲ್ಲಿ ಅವನು ಗುಡ್ಡದ ಕೆಳಗೆ ಗಾಡಿ ಬಿಟ್ಟು ಊಟ ಮಾಡುತ್ತಿದ್ದಾಗ ಅವನ ನಾಯಿ ಗುಡ್ಡ ಹತ್ತಿತು. ಇಳಿದು ಬಂದಾಗ ಅದರ ಹೊಟ್ಟೆಯ ತನಕ ಒದ್ದೆ. ಆಕಾಶದಲ್ಲಿ ಒಂದು ಮೋಡವಿಲ್ಲ, ನೆಲದಲ್ಲಿ ಒಂದು ಹಸಿರೆಲೆಯಿಲ್ಲ, ನಾಯಿ ಮಾತ್ರ ಒದ್ದೆ. ವ್ಯಾಪಾರಿ ನಾಯಿಯನ್ನು ನೋಡಿದ, ಗುಡ್ಡವನ್ನು ನೋಡಿದ, ಕೈ ತೊಳೆದುಕೊಂಡು ನೇರವಾಗಿ ಊರ ಗೌಡನ ಮನೆಗೆ ಹೋದ.

"ಗೌಡ್ರೇ, ಆ ಬೋಳುಗುಡ್ಡ ನನಗೆ ಕೊಡಿ. ನಿಮ್ಮ ಮಕ್ಕಳಿಗೆ ಹೆಂಚು ಹೊದಿಸಿದ ಶಾಲೆ ಕಟ್ಟಿಸಿಕೊಡ್ತೀನಿ" ಎಂದ.

"ಆ ಕಲ್ಲು ತಗೊಂಡು ನೀವೇನ್ ಮಾಡ್ತೀರಿ ಸಾವ್ಕಾರ್ರೇ?" ಎಂದು ಗೌಡ ಕೇಳಿದ.

"ನೂಲು ಒಣಗಿಸೋಕೆ ಬಂಡೆ ಬೇಕಲ್ಲ" ಎಂದ ವ್ಯಾಪಾರಿ. ಸುಳ್ಳೇನಲ್ಲ. ಒಣಗಿಸುವುದಕ್ಕೆ ಮುಂಚೆ ಅದ್ದಬೇಕಾಗುತ್ತದೆ ಎಂಬುದನ್ನು ಅವನು ಹೇಳಲಿಲ್ಲ, ಅಷ್ಟೆ.

ಊರಿನವರಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಮೇಷ್ಟರ ಸಂತೋಷವನ್ನಂತೂ ಹೇಳತೀರದು. ಗುಡ್ಡ ಹೋಗುತ್ತದಲ್ಲ ಎಂದು ಒಂದು ಗಳಿಗೆ ಹಿಂದೆಮುಂದೆ ನೋಡಿದ್ದೂ ನಿಜ. ಆದರೆ ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ನೆಲ ಕೈಬದಲಾಗುವ ದಿನ ಕೊಡುವವರೂ ಪಡೆಯುವವನೂ ಅದರ ಗಡಿಯನ್ನು ನಡೆಯಬೇಕು. ನಡೆಯುತ್ತ ಕೊಡುವವರು ಅಲ್ಲಿ ಏನೇನಿದೆಯೋ ಹೆಸರಿಟ್ಟು ಹೇಳಬೇಕು. ಹೆಸರಿಟ್ಟು ಹೇಳಿದ್ದು ಅವರಿಗೇ ಉಳಿಯುತ್ತದೆ, ಬಂದು ತೆಗೆದುಕೊಂಡು ಹೋಗಬಹುದು. ಹೇಳದೆ ಬಿಟ್ಟದ್ದು ಪಡೆದವನದು. ಕೊನೆಗೆ ಗಡಿಗಲ್ಲಿನ ಮೇಲೆ ಹಾಲು ಹೊಯ್ಯುತ್ತಾರೆ. ಹಾಲು ಬಿದ್ದ ಮೇಲೆ ಮಾತಿಲ್ಲ. ಹೇಳುವವರು ಊರಿನವರಾಗಿದ್ದರೆ ಸಾಕು, ತೊಟ್ಟಿಲ ಕೂಸು ತೊದಲಿದರೂ ಅದು ಮಾತೇ.

ಹಾಗಿದ್ದ ಮೇಲೆ ಭಯವೇನು ಎಂದುಕೊಂಡರು ಮೇಷ್ಟ್ರು. ಗುಡ್ಡದಲ್ಲಿರುವುದೆಲ್ಲ ನನ್ನ ನಾಲಿಗೆಯ ತುದಿಯಲ್ಲಿದೆ. ಒಂದೊಂದನ್ನೂ ಹೆಸರಿಟ್ಟು ಉಳಿಸಿಕೊಂಡರೆ ಗುಡ್ಡವೂ ಉಳಿಯಿತು, ಶಾಲೆಯೂ ಬಂತು. ಊರಿನವರೂ, ಹೇಳುವ ಕೆಲಸ ನಿಮ್ಮದೇ ಮೇಷ್ಟ್ರೇ, ನಮಗೆ ಅಲ್ಲಿ ಕಲ್ಲು ಬಿಟ್ಟು ಬೇರೇನೂ ಗೊತ್ತಿಲ್ಲ ಎಂದರು. ಮೇಷ್ಟ್ರು ಒಗೆದ ಅಂಗಿ ಹಾಕಿಕೊಂಡು ಹೊರಟರು.

ಗಡಿಯ ನಡಿಗೆ ಶುರುವಾಯಿತು. ಮುಂದೆ ಹಾಲಿನ ಚೆಂಬು ಹಿಡಿದ ಗೌಡ, ಪಕ್ಕದಲ್ಲಿ ಮೇಷ್ಟ್ರು ಮತ್ತು ವ್ಯಾಪಾರಿ, ವ್ಯಾಪಾರಿಯ ಕಾಲಬುಡದಲ್ಲಿ ಅವನ ನಾಯಿ, ಹಿಂದೆ ಊರು, ಊರಿನ ಹಿಂದೆ ಮಕ್ಕಳು. ಮೇಷ್ಟ್ರು ಬಳಪದ ಕಲ್ಲು ಎಂದರು. ನಿಮ್ಮದೇ ಇರಲಿ ಎಂದ ವ್ಯಾಪಾರಿ. ಕೆಮ್ಮಣ್ಣು ಎಂದರು. ನಿಮ್ಮದೇ ಇರಲಿ. ಅಂಟುವಾಳ, ಸೀಗೆ, ಪೊರಕೆಯ ಹುಲ್ಲು, ಹೆಜ್ಜೇನು ಕಟ್ಟುವ ಕೋಡುಗಲ್ಲು. ಎಲ್ಲ ನಿಮ್ಮದೇ ಇರಲಿ. ಕೊಡುಗೈ ದೊರೆಯ ಹಾಗೆ ವ್ಯಾಪಾರಿ ಕೊಡುತ್ತಲೇ ಹೋದ. ನಮ್ಮ ಗುಡ್ಡದಲ್ಲಿ ಇಷ್ಟೆಲ್ಲ ಇದೆಯೇ ಎಂದು ಊರಿನವರು ಬಾಯಿಯ ಮೇಲೆ ಬೆರಳಿಟ್ಟುಕೊಂಡರು. ಮೇಷ್ಟರ ಎದೆ ಉಬ್ಬಿತು. ಗಡಿ ಸುತ್ತಿ, ಕೊನೆಗೆ ಎಲ್ಲರೂ ನೆತ್ತಿಯ ಹಾಸುಬಂಡೆಗೆ ಬಂದರು. ಕೊನೆಯ ಗಡಿಗಲ್ಲು ಅಲ್ಲೇ ಇತ್ತು.

ಮಕ್ಕಳು ದಾರಿಯುದ್ದಕ್ಕೂ ನಿಶ್ಚಿಂತೆಯಿಂದಿದ್ದರು. ಮೇಷ್ಟರಿಗೆ ಎಲ್ಲ ಗೊತ್ತು, ಅದನ್ನೂ ಹೇಳಿಯೇ ಹೇಳುತ್ತಾರೆ ಎಂದು ನಂಬಿದ್ದರು. ಮೇಷ್ಟರಾದರೋ ಎಂದಿನ ಅಭ್ಯಾಸದಂತೆ ಗುಂಡುಗಳಿಗೆ ಬೆನ್ನು ಮಾಡಿ ನಿಂತರು.

"ಇನ್ನೇನಾದ್ರೂ ಉಳಿದೈತಾ ಮೇಷ್ಟ್ರೇ?" ಎಂದು ಗೌಡ ಪದ್ಧತಿಯಂತೆ ಕೇಳಿದ.

"ಎಲ್ಲಾ ಹೇಳಿ ಆಯ್ತು ಗೌಡ್ರೇ. ಈ ಗುಡ್ಡದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ" ಎಂದರು ಮೇಷ್ಟ್ರು.

ವ್ಯಾಪಾರಿ ಮೀಸೆಯಡಿಯಲ್ಲಿ ನಕ್ಕ. ಗೌಡ ಚೆಂಬನ್ನು ಎತ್ತಿದ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗ ಬಾಯಿ ಬಿಟ್ಟರೆ ಅಷ್ಟು ಶನಿವಾರಗಳ ಸುಳ್ಳು ಬಯಲಾಗುತ್ತದೆ. ಮೇಷ್ಟರ ಬೆತ್ತ ಒಂದು ಕಡೆ, ಸುಮ್ಮಸುಮ್ಮನೆ ಕಷಾಯ ಕುದಿಸಿ ಕೈ ಸುಟ್ಟುಕೊಂಡ ತಾಯಂದಿರು ಇನ್ನೊಂದು ಕಡೆ. ಬಾಯಿ ಬಿಡದಿದ್ದರೆ ನೀರು ಹೋಗುತ್ತದೆ. ಚೆಂಬು ವಾಲಿತು. ಆಗ ಕುಂಬಾರರ ಮನೆಯ ಹೊನ್ನಿ ಎನ್ನುವ ಹುಡುಗಿ ತನ್ನ ಕಿರುಬೆರಳನ್ನು ಎತ್ತಿದಳು. ದೊಡ್ಡವರ ನಡುವೆ ಮಾತಾಡುವುದಕ್ಕೆ ಅಪ್ಪಣೆ ಕೇಳುವುದು ಹೇಗೆ ಎಂದು ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಮೇಷ್ಟ್ರು ಸಿಡುಕಿನಿಂದ, ಹೋಗಿ ಬಾ ಎಂದು ಕೈಯಾಡಿಸಿದರು. ಹೊನ್ನಿ ಹೋಗಲಿಲ್ಲ. ಅವಳ ಪಕ್ಕದ ಹುಡುಗ ಕಿರುಬೆರಳೆತ್ತಿದ. ಅವನ ಹಿಂದಿನವಳು ಎತ್ತಿದಳು. ನೋಡನೋಡುತ್ತ ಊರಿನ ಅಷ್ಟೂ ಮಕ್ಕಳ ಕಿರುಬೆರಳುಗಳು ಆಕಾಶ ನೋಡುತ್ತ ನಿಂತವು. ಅಕ್ಕನ ಸೊಂಟದ ಮೇಲಿದ್ದ ಕೂಸು ಯಾವ ಬೆರಳೆಂದು ತಿಳಿಯದೆ ಐದನ್ನೂ ಎತ್ತಿತು. ಅಯ್ಯೋ, ಕಷಾಯ ಹತ್ತಲೇ ಇಲ್ಲವಲ್ಲ ಎಂದು ಒಬ್ಬ ತಾಯಿ ತಲೆ ಚಚ್ಚಿಕೊಂಡಳು. ಗೌಡನ ಕೈ ಅಲ್ಲೇ ನಿಂತಿತು.

"ಒಂದಕ್ಕಲ್ಲ ಸಾ" ಎಂದಳು ಹೊನ್ನಿ. "ಯಾವತ್ತೂ ಒಂದಕ್ಕಲ್ಲ. ನಿಮ್ಮ ಬೆನ್ನ ಹಿಂದೆ ನೀರೈತೆ. ನೀವು ಪಾಠ ಹೇಳೋವಾಗ ನಾವು ಹೋಗಿ ಕುಡೀತಿದ್ವಿ. ಅದು ಇಲ್ಲಿಂದ ಕೆಳೀಕೆ ನಮ್ಮ ಬಾವಿಗೇ ಹೋಗ್ತೈತೆ ಸಾ. ನಾವು ಇಲ್ಲಿ ನೀರಿಗೆ ತಂಗಡಿ ಹೂ ಹಾಕಿದ್ರೆ ಅಲ್ಲಿ ಬರ್ತೈತೆ."

"ಮಕ್ಕಳ ಮಾತು ಕಟ್ಕೊಂಡು ನಿಂತ್ರಲ್ಲ ಗೌಡ್ರೇ, ಹಾಲು ಹುಯ್ಯಿರಿ" ಎಂದ ವ್ಯಾಪಾರಿ. ಇಡೀ ಗುಡ್ಡವನ್ನು ನಿಧಾನವಾಗಿ ಬಿಟ್ಟುಕೊಡುತ್ತ ಬಂದವನಿಗೆ ಇಲ್ಲಿ ಮಾತ್ರ ಅವಸರ ಬಂದಿತ್ತು.

ಅಷ್ಟರಲ್ಲಿ ಗೌಡನ ಹೆಂಡತಿ ಮುಂದೆ ಬಂದಳು. "ಅಯ್ ನಿಮ್ಮ! ಶನಿವಾರ ಶನಿವಾರ ನನ್ನ ಕೊಡದಾಗೆ ಬೀಳ್ತಿದ್ದ ಹಳದಿ ಹೂವು ನಿಮ್ಮದೇನ್ರೇ? ಬಾವಿ ಹತ್ರ ಒಂದು ತಂಗಡಿ ಗಿಡಾನೂ ಇಲ್ಲ, ಹೂ ಎಲ್ಲಿಂದ ಬರ್ತೈತೆ ಅಂತ ನಾನು ದೇವರಿಗೆ ಹರಕೆ ಬೇರೆ ಕಟ್ಕೊಂಡಿದ್ದೆ!"

ಗೌಡ ತನ್ನ ತಲೆಯ ವಸ್ತ್ರವನ್ನು ಬಿಚ್ಚಿ ಹೊನ್ನಿಯ ಕೈಗೆ ಕೊಟ್ಟ. ಅವಳು ಸಂದಿಯಲ್ಲಿ ತೂರಿಕೊಂಡು ಹೋಗಿ ಬಂದಳು. ವಸ್ತ್ರ ತೊಟ್ಟಿಕ್ಕುತ್ತಿತ್ತು. ಗೌಡ ಅದನ್ನು ಬಾಯಿಗೆ ಹಿಂಡಿಕೊಂಡು ಕಣ್ಣು ಮುಚ್ಚಿದ. ಹುಟ್ಟಿದಾಗಿನಿಂದ ಕುಡಿದ ನೀರಿನ ರುಚಿ ಅವನಿಗೆ ಗೊತ್ತಾಗದೆ ಇರುತ್ತದೆಯೇ? ಚೆಂಬನ್ನು ನೆಲದ ಮೇಲಿಟ್ಟು, ವ್ಯಾಪಾರಿಯ ಕಡೆಗೆ ತಿರುಗಿ, ಈ ಸೆಲೆ ಊರಿನದು ಎಂದು ಹೆಸರಿಟ್ಟು ಹೇಳಿದ.

ನಿಮ್ಮದೇ ಇರಲಿ ಎಂಬ ಮಾತು ಈ ಸಲ ವ್ಯಾಪಾರಿಯ ಬಾಯಿಂದ ಹೊರಡಲಿಲ್ಲ. "ನೀರು ನಿಮ್ಮದಾದ್ಮೇಲೆ ಬಂಡೆ ಕಟ್ಕೊಂಡು ನಾನೇನ್ ಮಾಡ್ಲಿ ಗೌಡ್ರೇ?" ಎಂದ. ಆ ಬಂಡೆಯ ಮೇಲೆ ಅವನ ಬಣ್ಣದ ತೊಟ್ಟಿಗಳು ಬಂದಿದ್ದರೆ ತಮ್ಮ ಬಾವಿಯಲ್ಲಿ ಯಾವ ಯಾವ ದಿನ ಯಾವ ಯಾವ ಬಣ್ಣ ಬೀಳುತ್ತಿತ್ತು ಎಂದು ಊರಿನವರಿಗೆ ಆಗ ಅರ್ಥವಾಯಿತು. ವ್ಯಾಪಾರಿ ಕೆಟ್ಟವನೇನಲ್ಲ. ಸೋತದ್ದು ಗೊತ್ತಾದ ಕೂಡಲೇ ನಕ್ಕುಬಿಟ್ಟ. ಹೊರಡೋಣ ಎಂದು ನಾಯಿಯನ್ನು ಕರೆದ. ನಾಯಿ ಆಗಲೇ ಸಂದಿಯೊಳಗೆ ಹೋಗಿ ನೀರು ಕುಡಿಯುತ್ತಿತ್ತು. ಅದು ಹೊಟ್ಟೆ ತುಂಬಿಸಿಕೊಂಡು ಬರುವ ತನಕ ಅವನು ಬಿಸಿಲಿನಲ್ಲಿ ಕಾಯಬೇಕಾಯಿತು. ಗೌಡ ಗಡಿಗಲ್ಲಿಗೆಂದು ತಂದ ಹಾಲನ್ನು ಮಕ್ಕಳಿಗೆ ಹಂಚಿಸಿದ.

ಮೇಷ್ಟರಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ತೂಗಿದರೆ ಸಂತೋಷವೇ ಹೆಚ್ಚು. ಹೆಂಚಿನ ಶಾಲೆ ಮಾತ್ರ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಆ ದುಃಖವೂ ಅವರಿಗಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ಬೆತ್ತ ಮುಟ್ಟಲಿಲ್ಲ. ಮುಂದಿನ ಶನಿವಾರ ಎಂದಿನಂತೆ ಮಕ್ಕಳನ್ನು ಕರೆದುಕೊಂಡು ಗುಡ್ಡ ಹತ್ತಿದರು. ಆ ಸಂದಿಯಲ್ಲಿ ತಾವೂ ತೂರಿ ನೋಡಲು ಹೋಗಿ ಭುಜ ಸಿಕ್ಕಿಹಾಕಿಕೊಂಡಿತು. ಮಕ್ಕಳೆಲ್ಲ ಸೇರಿ ಕಾಲು ಹಿಡಿದು ಅವರನ್ನು ಹೊರಗೆಳೆದರು. ಆಮೇಲೆ ಮೇಷ್ಟ್ರು ಅಂಗಿಯ ಮಣ್ಣು ಕೊಡವಿಕೊಂಡು, ಇದು ಬಳಪದ ಕಲ್ಲು ಎಂದು ಪಾಠ ಶುರು ಮಾಡಿದರು.

ಗುರುಗಳು ಕತೆ ನಿಲ್ಲಿಸಿದರು. ಕತೆಯ ನಡುವೆ ಎರಡು ಮೂರು ಸಲ ತನ್ನನ್ನು ಮರೆತು ನಕ್ಕಿದ್ದ ರೇವಣ ಈಗ ಮತ್ತೆ ಮುಖ ಬಿಗಿದುಕೊಂಡ. ಓದಿಕೊಂಡವನು, ಅಷ್ಟು ಸುಲಭಕ್ಕೆ ಬಿಡುವನೇ?

"ಹಾಗಾದರೆ ನಾನು ಹೇಳಿದ್ದೇ ನಿಜವಾಯಿತಲ್ಲ ಗುರುಗಳೇ. ಊರನ್ನು ಉಳಿಸಿದ್ದು ಮೇಷ್ಟರ ಪಾಠವಲ್ಲ. ಪಾಠ ತಪ್ಪಿಸಿಕೊಂಡು ಹೋಗಿ ಮಕ್ಕಳು ಕಂಡದ್ದು" ಎಂದ.

ಗುರುಗಳು ಅವನ ಬೆನ್ನು ತಟ್ಟಿದರು.

"ಪಾಠವೇ ಇಲ್ಲದಿದ್ದರೆ ಆ ಮಕ್ಕಳು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಂದ, ರೇವಣ?"